ಬೊಟ್ಟಿನ ಕೆಳಗಿನ ಬಿಳುಪು

ಚರಿತ್ರೆ ಬರೆದವರು ರಾಜರ ಕಿರೀಟದ ಹರಳು ಎಣಿಸಿದರು. ನಮ್ಮ ಅಜ್ಜಿಯಂದಿರು ತಲೆಗೆ ಏನು ಉಜ್ಜಿಕೊಂಡರು, ಹಣೆಗೆ ಏನಿಟ್ಟರು ಅಂತ ಯಾರೂ ಕೇಳಲಿಲ್ಲ. ಚಿಂತಾಮಣಿ, ಗೌರಿಬಿದನೂರಿನ ಕೇರಿಗಳಲ್ಲಿ ಸೀಗೆಕಾಯಿ ಸಿಕ್ಕಿದರೆ ಅದೇ ಹಬ್ಬ. ಇಲ್ಲದಿದ್ದರೆ ಮಣ್ಣು, ಬೂದಿ. ಹರಳೆಣ್ಣೆ ದೀಪದ ಮಸಿಯೇ ಕಾಡಿಗೆ. ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿ ಒಣಗಿಸಿ ಕುಟ್ಟಿದರೆ ಕುಂಕುಮ. ಬೆವರಿಗೆ ಇಳೀದಿರಲಿ ಅಂತ ಕೆಳಗೆ ಮೇಣ. ಅದನ್ನು ಚಿನ್ನದ ಕಾಲ ಅಂತ ಹೊಗಳುವವರು ನಾವಲ್ಲ. ಗಂಡ ಸತ್ತ ದಿನ ಒರೆಸಿ ಹಾಕಿದ್ದೂ ಇದೇ ಕುಂಕುಮವನ್ನೇ. ಕಣ್ಣಿಗೆ ಹಾಕುವ ಸುರ್ಮಾದ ಕಲ್ಲಿನಲ್ಲಿ ಸೀಸವೂ ಇರುತ್ತಿತ್ತು.

ಆಮೇಲೆ ಸೋಪು ಬಂತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಮೈಸೂರು ಸಂಸ್ಥಾನದಲ್ಲೇ ಉಳಿದುಬಿಟ್ಟಿತು. ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. 1916-18ರ ನಡುವೆ ಗಂಧದೆಣ್ಣೆ, ಅದರ ಹಿಂದೆ ಗಂಧದ ಸೋಪು. ಅದೇ 1918ರಲ್ಲಿ ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೊಡುವ ಬಗೆ ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ಅದನ್ನು ಒಪ್ಪಲಿಲ್ಲ, ಪದವಿ ಬಿಟ್ಟರು. ಸಂಸ್ಥಾನಕ್ಕೆ ಸೋಪು ಬಂದಷ್ಟು ಬೇಗ ಪಾಲು ಬರಲಿಲ್ಲ.

1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಅದರಲ್ಲಿ ವಿಷ ಇತ್ತೆಂದು ನಾವು ಹೇಳುತ್ತಿಲ್ಲ. ಕಪ್ಪು ಒಂದು ಕೊರತೆ ಅಂತ ಅದು ಮನೆಮನೆಗೆ ಹೇಳಿಕೊಟ್ಟಿತು. ನಮ್ಮ ಮೈಬಣ್ಣ ನೋಡಿ ಜಾತಿ ಕೇಳುವವರಿಗೆ ಆ ಪಾಠ ಮೊದಲೇ ಗೊತ್ತಿತ್ತು. ಹೆಸರು ಬದಲಾಗಿದ್ದು 2020ರಲ್ಲಿ. ಅಷ್ಟರಲ್ಲಿ ಆ ಆಸೆಯ ಬೆನ್ನು ಹತ್ತಿ ಊರು-ಪೇರಿಲ್ಲದ ಡಬ್ಬಿಗಳು ಬಂದಿದ್ದವು, ಕೆಲವದರಲ್ಲಿ ಪಾದರಸ. ಪಾದರಸ ಚರ್ಮದಲ್ಲಿ ಬಣ್ಣ ಹುಟ್ಟೋದನ್ನೇ ತಡೆಯುತ್ತೆ, ರಕ್ತಕ್ಕಿಳಿದು ಮೂತ್ರಪಿಂಡ ಹಿಡಿಯುತ್ತೆ. ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ನೋಡಿದ ಒಂದು ಬಗೆಯ ಮೂತ್ರಪಿಂಡ ರೋಗದ 22 ಜನರಲ್ಲಿ 13 ಮಂದಿ ಬಿಳಿಯಾಗಲು ಕ್ರೀಮು ಹಚ್ಚಿದವರು. ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು ಅಂತ ಕಾನೂನಿದೆ. ಸಂತೆಯ ಡಬ್ಬಿ ಕಾನೂನು ಓದಿಕೊಂಡು ಬರುತ್ತದೆಯೇ?

ಇನ್ನು ಸ್ಟಿಕ್ಕರ್ ಬೊಟ್ಟು. ಮೇಣದ ರಗಳೆ ಇಲ್ಲ, ಕೂಲಿಗೆ ಹೊರಟವರಿಗೆ ಅನುಕೂಲ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಯಲ್ಲಿ ದಿನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ಗೂಡು ತಡಕುತ್ತಿದ್ದ ನಮ್ಮ ಅಕ್ಕ ಒಬ್ಬಳಿಗೆ ಅದೊಂದೇ ಅಲಂಕಾರ. ಹಬೆ, ಬೆವರು, ಅದರ ಮೇಲೆ ಅಂಟು. ಒಂದು ದಿನ ಬೊಟ್ಟು ಕಿತ್ತರೆ ಕೆಳಗೆ ಬೊಟ್ಟಿನಷ್ಟೇ ದುಂಡಗೆ ಬಿಳುಪು. ಅದನ್ನು ಮುಚ್ಚಲು ಇನ್ನೂ ದೊಡ್ಡ ಬೊಟ್ಟು, ಬಿಳುಪೂ ದೊಡ್ಡದು. ಹೆಣ್ಣು ನೋಡಲು ಬಂದವರು, “ತೊನ್ನು ಕಣಮ್ಮಾ, ವಂಶದಲ್ಲೇ ಇರಬೇಕು” ಅಂದು ಕಾಫಿ ಮುಟ್ಟದೆ ಎದ್ದರು. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತೆ ಅಂತ ಚರ್ಮವೈದ್ಯರು ದಶಕಗಳಿಂದ ಬರೆಯುತ್ತಿದ್ದಾರೆ. ವಂಶಕ್ಕೂ ಅದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಹರಡೋದೂ ಇಲ್ಲ. ಅವರ ಬರಹ ಇಂಗ್ಲಿಷಿನಲ್ಲಿತ್ತು, ಬೊಟ್ಟಿನ ಪಾಕೀಟಿನ ಮೇಲೆ ನಟಿಯ ಫೋಟೊ ಇತ್ತು.

ತಡವಾಗಿಯಾದರೂ ಅಕ್ಕನ ಮದುವೆ ಆಯಿತು. ಈಗ ಸ್ಟಿಕ್ಕರ್ ಇಡುವುದಿಲ್ಲ. ಅಂಗಡಿಯ ಕುಂಕುಮದಲ್ಲೂ ಯಾವ ಬಣ್ಣವೋ ಅಂತ ಹೆದರಿ ಅದೂ ಇಲ್ಲ. “ಗಂಡ ಇದ್ದೂ ಯಾಕಮ್ಮಾ ಬರೀ ಹಣೆ?” ಅಂತ ಬೀದಿಯಲ್ಲಿ ಕೇಳುವವರು ಕೇಳುತ್ತಲೇ ಇದ್ದಾರೆ.