ಜಿಂಕೆ ಬೇಟೆಯ ರೈಫಲ್ ಗುಂಡು

ದೇಹಕ್ಕೆ ತಗುಲಿದೊಡನೆ ಮೂತಿ ಅರಳಿ, ಆದರೂ ಚೂರಾಗದೆ ಹೃದಯ ಶ್ವಾಸಕೋಶಗಳವರೆಗೆ ಇಳಿಯುವಂತೆ ರೂಪಿಸಿದ ಗುಂಡು. ಅರಳದ ಗುಂಡು ಸಣ್ಣ ತೂತು ಕೊರೆದು ಆಚೆ ಹೊರಟುಹೋಗುತ್ತದೆ. ಗಾಯಗೊಂಡ ಜಿಂಕೆ ದೂರ ಓಡಿ ನರಳಿ ಸಾಯುತ್ತದೆ. ಬೇಗ ಒಡೆಯುವ ಗುಂಡು ಭುಜದ ಮೂಳೆಯಲ್ಲೇ ಪುಡಿಯಾಗಬಹುದು. ಇವೆರಡರ ನಡುವಣ ಹದದ ಹುಡುಕಾಟವೇ ಇದರ ಚರಿತ್ರೆ.

ಕರಿಮದ್ದಿನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಮೆತು ಸೀಸದ ದಪ್ಪ ಗುಂಡು ಕಡಿಮೆ ವೇಗದಲ್ಲೂ ದೊಡ್ಡ ಗಾಯ ಮಾಡುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದು ತಯಾರಿಸಿದ ಮೇಲೆ ವೇಗ ಏರಿತು. ಬರಿ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳತೊಡಗಿತು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಅದೇ ದಶಕದಲ್ಲಿ ಅಭಿವೃದ್ಧಿಪಡಿಸಿದ ತಾಮ್ರಕವಚದ ಗುಂಡು ಇದಕ್ಕೆ ಪರಿಹಾರವಾಯಿತು. ಆದರೆ ಪೂರ್ಣ ಕವಚದ ಗುಂಡು ಅರಳುತ್ತಿರಲಿಲ್ಲ. 1890ರ ದಶಕದಲ್ಲಿ ಕಲ್ಕತ್ತದ ಬಳಿಯ ದಂದಂ ಶಸ್ತ್ರಾಗಾರದಲ್ಲಿ .303 ಗುಂಡಿನ ಮೂತಿಯಷ್ಟನ್ನು ಕವಚವಿಲ್ಲದೆ ಬಿಟ್ಟು ಸೈನ್ಯಕ್ಕೆ ಕೊಟ್ಟರು. 1899ರ ಹೇಗ್ ಘೋಷಣೆ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಅದೇ ತತ್ವ ಉಳಿಯಿತು.

ಅಮೆರಿಕದಲ್ಲಿ 1895ರಲ್ಲಿ ಮಾರುಕಟ್ಟೆಗೆ ಬಂದ .30-30 ವಿಂಚೆಸ್ಟರ್ ತೋಟಾ ಬಿಳಿಬಾಲದ ಜಿಂಕೆಯ ಬೇಟೆಯಲ್ಲಿ ಮನೆಮಾತಾಯಿತು. ಇದರ ಗುಂಡಿನ ತೂಕ ಸಾಮಾನ್ಯವಾಗಿ 150 ಅಥವಾ 170 ಗ್ರೇನ್, ಅಂದರೆ ಸುಮಾರು 10ರಿಂದ 11 ಗ್ರಾಂ. ವಿಂಚೆಸ್ಟರ್ 1894 ಮಾದರಿಯ ರೈಫಲಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಸಿಡಿಮದ್ದಿನ ಬಿಲ್ಲೆಗೆ ತಾಗುವುದರಿಂದ ಚೂಪು ಮೂತಿ ಅಪಾಯಕಾರಿ; ಚಪ್ಪಟೆ ಮೂತಿಯೇ ರೂಢಿಯಾಯಿತು.

ವೇಗ ಇನ್ನೂ ಹೆಚ್ಚಿದಾಗ ಗುಂಡುಗಳು ಒಡೆಯುವುದೇ ಸಮಸ್ಯೆಯಾಯಿತು. 1946ರಲ್ಲಿ ಕೆನಡಾದಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗಿದ್ದ ಜಾನ್ ನೋಸ್ಲರ್, ತನ್ನ ಗುಂಡುಗಳು ಆಳಕ್ಕಿಳಿಯದ್ದನ್ನು ಕಂಡು, ನಡುವೆ ಅಡ್ಡಗೋಡೆಯುಳ್ಳ ಪಾರ್ಟಿಷನ್ ಗುಂಡನ್ನು ರೂಪಿಸಿದ. ಮುಂಭಾಗ ಅರಳಿದರೂ ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಒಳನುಗ್ಗುತ್ತದೆ. 1980ರ ದಶಕದಲ್ಲಿ ಬಾರ್ನ್ಸ್ ಕಂಪನಿ ಸೀಸವಿಲ್ಲದ, ಪೂರ್ತಿ ತಾಮ್ರದ ಗುಂಡನ್ನು ತಂದಿತು. ಬೇಟೆಯ ಅವಶೇಷಗಳಲ್ಲಿನ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ವಿಷವೇರಿ ಸಾಯುತ್ತಿದ್ದ ಕ್ಯಾಲಿಫೋರ್ನಿಯಾ, 2019ರ ಜುಲೈನಿಂದ ಎಲ್ಲ ವನ್ಯಜೀವಿ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿದೆ.

ಗುಂಡಿನ ಆಯ್ಕೆ ಕೆಲವೆಡೆ ಕಾನೂನಿನ ವಿಷಯವೂ ಹೌದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1991ರ ಜಿಂಕೆ ಕಾಯಿದೆಯಂತೆ ರೈಫಲಿನಲ್ಲಿ ಮೆದುಮೂತಿಯ ಅಥವಾ ಟೊಳ್ಳುಮೂತಿಯ ಗುಂಡನ್ನೇ ಬಳಸಬೇಕು. ಭಾರತದಲ್ಲಿ ಚಿಗರೆ, ಕಡವೆ, ಸಾರಂಗಗಳ ಬೇಟೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.