ದಾರಿಯ ಹಸಿವಿಗೆ ಬಾಳೆಹಣ್ಣು

ದೂರದೂರಿಗೆ ಹೋಗುವ ಬಸ್ಸು ನಡುವಿನ ನಿಲ್ದಾಣದಲ್ಲಿ ನಿಲ್ಲುವುದು ಐದೋ ಹತ್ತೋ ನಿಮಿಷ. ಅಷ್ಟರಲ್ಲಿ ಕಿಟಕಿಗಳ ಬಳಿಗೆ ಬರುವ ತಿನಿಸುಗಳನ್ನು ಗಮನಿಸಿ ನೋಡಿ. ಇಡ್ಲಿಗೆ ಎಲೆ ಬೇಕು, ಚುರುಮುರಿಗೆ ಕಾಗದದ ಪೊಟ್ಟಣ ಬೇಕು, ಚಹಾಕ್ಕೆ ಲೋಟ ಬೇಕು, ಇವೆಲ್ಲ ಮುಗಿದ ಮೇಲೆ ಕೈತೊಳೆಯಲು ನೀರು ಬೇಕು. ಕಡಲೆಕಾಯಿಗೆ ತನ್ನದೇ ಸಿಪ್ಪೆ ಇದೆ, ನಿಜ. ಆದರೆ ಹೊಟ್ಟೆ ತುಂಬುವಷ್ಟು ಸುಲಿಯುವ ಹೊತ್ತಿಗೆ ಇಳಿಯುವ ಊರೇ ಬಂದಿರುತ್ತದೆ. ಕಿತ್ತಳೆಯಿಂದ ಬಾಯಾರಿಕೆ ಹೋದೀತು, ಹಸಿವು ಹೋಗದು. ಪಾತ್ರೆ, ನೀರು, ಚಾಕು, ಬೆಂಕಿ ಯಾವುದನ್ನೂ ಕೇಳದೆ ಎರಡು ಗಂಟೆಯಾದರೂ ಹೊಟ್ಟೆಯನ್ನು ಸುಮ್ಮನಿರಿಸುವುದು ಬಾಳೆಹಣ್ಣು. ಹದಿನೇಳನೆಯ ಶತಮಾನದ ಮಹಲಿಂಗರಂಗ ಕವಿ ಕನ್ನಡ ಭಾಷೆ ಎಷ್ಟು ಸುಲಭವೆಂದು ಹೇಳಲು ಸಿಪ್ಪೆ ತೆಗೆದ ಬಾಳೆಹಣ್ಣನ್ನೇ ಹೋಲಿಕೆಗೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಅಗ್ಗ ಎಂಬುದೊಂದೇ ಕಾರಣವಾಗಿದ್ದರೆ ಈ ಹಣ್ಣಿನ ಬಗ್ಗೆ ಇಷ್ಟು ಬರೆಯಬೇಕಾಗಿರಲಿಲ್ಲ. ನಮ್ಮ ದೇಶದಲ್ಲಿ ದಾರಿಯ ಊಟವೆಂದರೆ ಹಸಿವಿನ ಪ್ರಶ್ನೆಯಷ್ಟೇ ಅಲ್ಲ, ಯಾರು ಬೇಯಿಸಿದ್ದು, ಯಾರು ಮುಟ್ಟಿದ್ದು ಎಂಬ ಪ್ರಶ್ನೆಯೂ ಆಗಿತ್ತು. ಕಾಲುನಡಿಗೆಯ, ಎತ್ತಿನಗಾಡಿಯ ಕಾಲದಲ್ಲಿ ಜನ ಅವಲಕ್ಕಿ, ಹುರಿಹಿಟ್ಟು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಛತ್ರ ಸಿಕ್ಕಿದಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದರು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ಹಳಿ ಬಂತು. 1882ರಲ್ಲಿ ಮೈಸೂರು ಮುಟ್ಟಿತು. ರೈಲಿನೊಳಗೆ ಒಲೆ ಹೂಡುವಂತಿಲ್ಲ. ಪಕ್ಕದಲ್ಲಿ ಕುಳಿತವರು ಯಾರೆಂದು ಕೇಳಿ ಎದ್ದು ಹೋಗುವಂತೆಯೂ ಇಲ್ಲ.

ರೈಲ್ವೆಯವರು ಈ ತೊಡಕಿಗೆ ತಮ್ಮದೇ ರೀತಿಯ ಪರಿಹಾರ ಕಂಡುಕೊಂಡರು. ನಿಲ್ದಾಣಗಳಲ್ಲಿ ಹಿಂದೂಗಳಿಗೊಂದು ನೀರು, ಮುಸಲ್ಮಾನರಿಗೊಂದು ನೀರು. ಉಪಾಹಾರದ ಕೋಣೆಗಳೂ ಬೇರೆ ಬೇರೆ. ದಕ್ಷಿಣದಲ್ಲಂತೂ ಬ್ರಾಹ್ಮಣರಿಗೆ ಪ್ರತ್ಯೇಕ ಊಟದ ಜಾಗವಿತ್ತು. ಪೆರಿಯಾರ್ ಅವರ ಚಳವಳಿಯ ಒತ್ತಾಯದ ಮೇಲೆ 1941ರಲ್ಲಿ ಅದು ನಿಂತಿತು. ಈ ಗೋಡೆಗಳ ನಡುವೆ ಸಲೀಸಾಗಿ ಓಡಾಡಿದ್ದು ಹಣ್ಣು. ಬೇಯಿಸದ ಪದಾರ್ಥಕ್ಕೆ ಮಡಿ ಮೈಲಿಗೆಯ ಕಟ್ಟು ಸಡಿಲ. ಅದರಲ್ಲೂ ಬಾಳೆಹಣ್ಣನ್ನು ಯಾರು ಮುಟ್ಟಿದರೂ ಮುಟ್ಟುವುದು ಸಿಪ್ಪೆಯನ್ನು. ತಿನ್ನುವ ತಿರುಳನ್ನು ತಿನ್ನುವವನ ಹೊರತು ಯಾರೂ ಮುಟ್ಟುವುದಿಲ್ಲ. ಹಸ್ತಕ್ಕೆ ಹಸ್ತ ತಾಗದಂತೆ ಚಹಾದ ಲೋಟ ಇಳಿಸುತ್ತಿದ್ದವರೂ ಮಾರುವವನ ಜಾತಿ ಕೇಳದೆ ಬಾಳೆಹಣ್ಣಿನ ಚಿಪ್ಪನ್ನು ಕೈಚಾಚಿ ತೆಗೆದುಕೊಳ್ಳಬಹುದಾಗಿತ್ತು. ‘ಫಲಾಹಾರ’ ಎಂಬ ನಮ್ಮ ಮಾತಿನ ಹಿಂದೆಯೂ ಇದೇ ವಿನಾಯಿತಿ ಇದೆ. ಊಟವಲ್ಲದ, ಆದ್ದರಿಂದ ಊಟದ ನಿಯಮಗಳಿಗೆ ಒಳಪಡದ ಆಹಾರ ಅದು. ಮುಂದೆ ಆ ಹೆಸರಿನ ಆಸರೆಯಲ್ಲಿ ಉಪ್ಪಿಟ್ಟು, ಅವಲಕ್ಕಿಗಳೂ ಒಳಗೆ ಬಂದವೆಂಬುದು ಬೇರೆ ಕತೆ.

ಹಾಗೆಂದು ಬಾಳೆಹಣ್ಣು ಜಾತಿಯನ್ನು ಅಳಿಸಿತೆಂದು ಸಂಭ್ರಮಿಸುವುದು ಬೇಡ. ಅದು ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಪಕ್ಕದಲ್ಲಿ ನುಸುಳಿಕೊಂಡಿತು ಅಷ್ಟೆ. ಅಂಬೇಡ್ಕರ್ ಅವರು ತಮ್ಮ ಆತ್ಮಕಥನದ ಬರಹದಲ್ಲಿ 1901ರ ಒಂದು ಪ್ರಯಾಣವನ್ನು ನೆನೆದಿದ್ದಾರೆ. ಬಾಲಕ ಅಂಬೇಡ್ಕರ್ ಮತ್ತು ಜೊತೆಯ ಮಕ್ಕಳು ತಂದೆಯನ್ನು ಕಾಣಲು ಹೊರಟು ಮಸೂರು ಎಂಬ ನಿಲ್ದಾಣದಲ್ಲಿ ಇಳಿದರು. ಮಹಾರರ ಮಕ್ಕಳೆಂದು ತಿಳಿದ ಮೇಲೆ ಗಾಡಿ ಸಿಗುವುದೇ ಕಷ್ಟವಾಯಿತು. ಇಮ್ಮಡಿ ಬಾಡಿಗೆ ತೆತ್ತು ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಕೈಯಲ್ಲಿ ಬೇಕಾದಷ್ಟು ಬುತ್ತಿಯಿತ್ತು. ಕುಡಿಯುವ ನೀರು ಮಾತ್ರ ಯಾರೂ ಕೊಡಲಿಲ್ಲ. ನೀರಿಲ್ಲದೆ ಬುತ್ತಿ ಇಳಿಯಲಿಲ್ಲ, ಮಕ್ಕಳು ಹಸಿದೇ ಮಲಗಿದರು. ಹಣ್ಣಿಗೆ ಸಿಪ್ಪೆಯಿದೆ, ನೀರಿಗೆ ಇಲ್ಲ.

ಮೂರನೆಯ ದರ್ಜೆಯ ಪ್ರಯಾಣದ ಬಗ್ಗೆ ಗಾಂಧೀಜಿ 1917ರಲ್ಲಿ ಬರೆದ ಲೇಖನದಲ್ಲಿ ನಿಲ್ದಾಣದ ತಿಂಡಿಗಳ ವರ್ಣನೆ ಇದೆ. ಕೊಳಕು ಕೈ, ಕೊಳಕು ಪಾತ್ರೆ, ಕೊಳಕು ತಕ್ಕಡಿ, ಪ್ರಯಾಣಿಕರಿಗಿಂತ ಮೊದಲೇ ರುಚಿ ನೋಡಿದ ನೊಣಗಳ ಸೈನ್ಯ. ಯಾಕೆ ತಿನ್ನುತ್ತೀರಿ ಎಂದು ಕೇಳಿದರೆ ಬೇರೆ ದಾರಿ ಏನಿದೆ ಎಂಬ ಉತ್ತರ ಬಂತಂತೆ. ಗಾಂಧೀಜಿಗೆ ಬೇರೆ ದಾರಿ ಗೊತ್ತಿತ್ತು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಸಿ ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆಯ ಮೇಲೆ ದಿನ ಕಳೆದಿದ್ದರು. ಬಡವರಂತೆ ಬದುಕುವ ಪ್ರಯೋಗ ಅದು. ಅಡಿಗೆಯ ಕೆಲಸವೇ ಬಹುಮಟ್ಟಿಗೆ ತಪ್ಪಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಎಲ್ಲ ಹಣ್ಣೂ ಪ್ರಯಾಣಕ್ಕೆ ಒಗ್ಗುವುದಿಲ್ಲ ಎಂಬುದಕ್ಕೆ ಪುರಾವೆ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕರು ರೈಲ್ವೆ ಕಚೇರಿಗೆ ಬರೆದ ದೂರುಪತ್ರ ಅದು. ಹಲಸಿನ ಹಣ್ಣು ಮಿತಿಮೀರಿ ತಿಂದು, ಅಹಮದಪುರದ ನಿಲ್ದಾಣದಲ್ಲಿ ತಂಬಿಗೆ ಹಿಡಿದು ಹೋಗಿದ್ದಾಗ ಗಾರ್ಡು ಸೀಟಿ ಊದಿಬಿಟ್ಟ. ಕೆಳದರ್ಜೆಯ ಡಬ್ಬಿಗಳಿಗೆ ಶೌಚಾಲಯ ಬಂದದ್ದಕ್ಕೆ ಈ ಪತ್ರವೂ ಕಾರಣವೆನ್ನುತ್ತಾರೆ. ಹಲಸಿಗೂ ಬಾಳೆಗೂ ಇನ್ನೊಂದು ಹಳೆಯ ಲೆಕ್ಕಾಚಾರವಿದೆ. ಭಾರತದ ಜ್ಞಾನಿಗಳು ತಿಂದು ಬದುಕುವ ಹಣ್ಣೊಂದಿದೆ, ಹಕ್ಕಿಯ ರೆಕ್ಕೆಯಂಥ ಎಲೆಯ ಮರ ಅದು ಎಂದು ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲಿ ಬರೆದ. ಇದನ್ನು ಬಾಳೆಯೆಂದೇ ತಿಳಿದು ಲಿನೇಯಸ್ 1759ರಲ್ಲಿ ಬಾಳೆಗೆ ‘ಮ್ಯೂಸಾ ಸೇಪಿಯೆಂಟಮ್’, ಅಂದರೆ ಜ್ಞಾನಿಗಳ ಬಾಳೆ ಎಂದು ಹೆಸರಿಟ್ಟ. ಆದರೆ ಪ್ಲಿನಿಯ ಹಣ್ಣು ಮರದ ತೊಗಟೆಯಿಂದ ಹೊರಡುತ್ತದೆ, ಒಂದು ಹಣ್ಣು ನಾಲ್ವರಿಗೆ ಸಾಕಾಗುತ್ತದೆ! ಮಲೆನಾಡಿನ ಯಾವ ಮಗುವನ್ನು ಕೇಳಿದರೂ ಅದು ಹಲಸು ಎಂದೀತು. ಅಂತೂ ಹಲಸಿಗೆ ಸಲ್ಲಬೇಕಾದ ಬಿರುದು ಬಾಳೆಗೆ ದಕ್ಕಿತು.

ಇನ್ನು ಅಮೆರಿಕದ ಕಡೆ ತಿರುಗಿದರೆ ಬಾಳೆಗೂ ರೈಲಿಗೂ ಇರುವ ನಂಟು ಬೇರೆಯೇ ಬಣ್ಣ ತಾಳುತ್ತದೆ. ಅಲ್ಲಿಯ ಜನಕ್ಕೆ ಈ ಹಣ್ಣು 150 ವರ್ಷಗಳ ಹಿಂದೆ ಅಪರೂಪದ ವಸ್ತು. 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಕಪ್ತಾನ ಜಮೈಕಾದಿಂದ 160 ಗೊನೆಗಳನ್ನು ತಂದು ಲಾಭಕ್ಕೆ ಮಾರಿದ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಒಂದೊಂದೇ ಹಣ್ಣನ್ನು ಲೋಹದ ಹಾಳೆಯಲ್ಲಿ ಸುತ್ತಿ ಹತ್ತು ಸೆಂಟಿಗೆ ಮಾರಿದರಂತೆ. ದೇವರು ಕೊಟ್ಟ ಸಿಪ್ಪೆಯ ಮೇಲೆ ಇನ್ನೊಂದು ಹೊದಿಕೆ! ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಹಣ್ಣು ಎಷ್ಟು ಅಗ್ಗವಾಯಿತೆಂದರೆ ಬೀದಿಯಲ್ಲಿ ಬಿದ್ದ ಸಿಪ್ಪೆಯೇ ಸಮಸ್ಯೆಯಾಯಿತು. 1896ರಲ್ಲಿ ನ್ಯೂಯಾರ್ಕಿನ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದ, ಮುಂದೆ ಅಧ್ಯಕ್ಷರೂ ಆದ ಥಿಯೊಡೋರ್ ರೂಸ್‌ವೆಲ್ಟ್, ಸಿಪ್ಪೆ ಎಸೆಯುವವರ ಮೇಲೆ ಕಟ್ಟುನಿಟ್ಟು ಮಾಡುವಂತೆ ಪೊಲೀಸರಿಗೆ ಹೇಳಬೇಕಾಯಿತು. ನಮ್ಮಲ್ಲಿ ಆ ಕೆಲಸವನ್ನು ಹಸು, ಮೇಕೆಗಳು ನಿಲ್ದಾಣದಲ್ಲೇ ನಿಂತು ಮಾಡಿ ಮುಗಿಸುತ್ತವೆ.

ಅಗ್ಗವಾದದ್ದು ಹೇಗೆ? 1871ರಲ್ಲಿ ಕೋಸ್ಟರಿಕಾ ದೇಶ ತನ್ನ ರಾಜಧಾನಿಯಿಂದ ಲಿಮೋನ್ ಬಂದರಿಗೆ ರೈಲುಮಾರ್ಗ ಹಾಕಿಸಲು ಹೊರಟಿತು. ಕೆಲಸ ಮೈನರ್ ಕೀತ್ ಎಂಬ ಅಮೆರಿಕದ ಯುವಕನ ಕೈಗೆ ಬಂತು. ಜಮೈಕಾದಿಂದ, ಚೀನದಿಂದ, ಇಟಲಿಯಿಂದ ತಂದ ಕೂಲಿಗಳು ಮಲೇರಿಯಾ, ಹಳದಿ ಜ್ವರಗಳಿಗೆ ಸಾವಿರಗಟ್ಟಲೆ ಬಲಿಯಾದರು. ಬದುಕಿದವರಿಗೆ ಅಗ್ಗದ ಆಹಾರವಾಗಲೆಂದು ಹಳಿಯ ಪಕ್ಕದಲ್ಲಿ ಕೀತ್ ಬಾಳೆ ನೆಡಿಸಿದ. 1890ರಲ್ಲಿ ಮಾರ್ಗ ಪೂರ್ಣವಾದಾಗ ರೈಲಿತ್ತು, ಹತ್ತುವ ಜನ ಸಾಕಷ್ಟಿರಲಿಲ್ಲ. ಬಾಳೆಗೊನೆಗಳೇ ಪ್ರಯಾಣಿಕರಾದವು. 1899ರಲ್ಲಿ ಕೀತನ ವ್ಯಾಪಾರವೂ ಬೇಕರ್ ಪಾಲುದಾರನಾಗಿದ್ದ ಕಂಪನಿಯೂ ಕೂಡಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಸರ್ಕಾರಗಳಿಂದ ದಕ್ಕಿಸಿಕೊಂಡ ಭೂಮಿ, ಸ್ವಂತ ರೈಲು, ಸ್ವಂತ ಹಡಗು ಎಲ್ಲ ಒಂದೇ ಕೈಯಲ್ಲಿ. ಸಾವಿರಾರು ಮೈಲಿ ದಾಟಿ ಬಂದ ಬಾಳೆಹಣ್ಣು ಅಮೆರಿಕದಲ್ಲಿ ಅಲ್ಲೇ ಬೆಳೆದ ಸೇಬಿಗಿಂತ ಅಗ್ಗವಾದ ಗುಟ್ಟು ಇದು. ಆ ಅಗ್ಗದ ಲೆಕ್ಕದಲ್ಲಿ ಕೂಲಿಯೂ ಸೇರಿತ್ತು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಕಂಪನಿಯ ತೋಟದ ಕಾರ್ಮಿಕರು ವಾರಕ್ಕೆ ಆರು ದಿನದ ಕೆಲಸ, ಚೀಟಿಯ ಬದಲು ನಗದಿನ ಕೂಲಿ ಕೇಳಿ ಮುಷ್ಕರ ಹೂಡಿದ್ದಾಗ ಸೈನ್ಯ ಗುಂಡು ಹಾರಿಸಿತು. ಸತ್ತವರೆಷ್ಟು ಎಂಬ ವಿವಾದ ಇನ್ನೂ ಮುಗಿದಿಲ್ಲ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1967ರ ತಮ್ಮ ಕಾದಂಬರಿಯಲ್ಲಿ ಈ ಘಟನೆಯನ್ನು ತಂದ ಮೇಲೆ ಜಗತ್ತಿಗೆ ಅದು ಮರೆಯದಂತಾಯಿತು.

ನಮ್ಮ ದೇಶ ಜಗತ್ತಿನಲ್ಲೇ ಅತಿ ಹೆಚ್ಚು ಬಾಳೆ ಬೆಳೆಯುತ್ತದೆ, ಬೆಳೆದದ್ದರಲ್ಲಿ ಬಹುಪಾಲನ್ನು ತಾನೇ ತಿನ್ನುತ್ತದೆ. ಇಲ್ಲಿ ಅಂಥ ಒಬ್ಬ ಒಡೆಯನಿಲ್ಲ. ಆದರೆ ಗಾಳಿಮಳೆಗೆ ತೋಟ ಮಲಗಿದರೂ, ಬೆಲೆ ಬಿದ್ದರೂ ಪೆಟ್ಟು ತಿನ್ನುವವನು ಸಣ್ಣ ರೈತ. ಬಾಳೆಯನ್ನು ಕಾಯಿಯಾಗಿಯೇ ಕಡಿಯುತ್ತಾರೆ, ಹಣ್ಣು ಮಾಡುವುದು ಆಮೇಲೆ. ಹಿಂದೆ ಕೋಣೆಯಲ್ಲಿ ಗೊನೆ ಒಟ್ಟಿ ಹೊಗೆ ಹಾಕುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಕಾಯನ್ನು ಹಣ್ಣಾಗಿಸುತ್ತದೆ. ಅವಸರದ ವ್ಯಾಪಾರಿಗಳು ಕಾರ್ಬೈಡ್ ಹಿಡಿದರು. ಅದು ಕಾನೂನಿನಲ್ಲಿ ನಿಷಿದ್ಧ. ಈಗ ಎಥಿಲೀನ್ ಅನಿಲ ಬಿಡುವ ಕೋಣೆಗಳು ಬಂದಿವೆ. ದಾರಿಹೋಕ ಮಾತ್ರ ಸಿಪ್ಪೆಯ ಬಣ್ಣ ನೋಡಿಯೇ ಕೊಳ್ಳಬೇಕು.

ಅವನಿಗೆ ಇಂದು ಹೆಚ್ಚಾಗಿ ಸಿಗುವುದು ಏಲಕ್ಕಿ ಬಾಳೆ ಅಥವಾ ಪಚ್ಚಬಾಳೆ. ಪಚ್ಚಬಾಳೆ ಕ್ಯಾವೆಂಡಿಷ್ ಗುಂಪಿನದು. 1830ರ ದಶಕದಲ್ಲಿ ಇಂಗ್ಲೆಂಡಿನ ಡ್ಯೂಕ್ ಒಬ್ಬನ ಗಾಜಿನ ಮನೆಯಲ್ಲಿ ಬೆಳೆದ ಗಿಡದಿಂದ ಆ ಗುಂಪಿಗೆ ಅವನ ಮನೆತನದ ಹೆಸರು ಅಂಟಿತು. ಅಮೆರಿಕನ್ನರು ಮೊದಲು ತಿನ್ನುತ್ತಿದ್ದ ತಳಿ ಗ್ರೊ ಮಿಶೆಲ್. ಪನಾಮಾ ಸೊರಗು ರೋಗ ಅದರ ತೋಟಗಳನ್ನು ಒಂದೊಂದಾಗಿ ತಿಂದುಹಾಕಿತು. 1960ರ ದಶಕದ ಹೊತ್ತಿಗೆ ಕಂಪನಿಗಳೆಲ್ಲ ರೋಗ ತಡೆದುಕೊಂಡ ಕ್ಯಾವೆಂಡಿಷ್‌ಗೆ ಬದಲಾದವು. ಮಣ್ಣಿನಲ್ಲಿ ಉಳಿಯುವ ಅದೇ ಶಿಲೀಂಧ್ರದ ರೋಗ ನಮ್ಮ ನಂಜನಗೂಡು ರಸಬಾಳೆಯನ್ನೂ ಹಿಡಿಯಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದ ಮೇಲೆ ನಂಜುಂಡೇಶ್ವರನ ಯಾತ್ರೆಗೆ ಹೋಗುವುದು ಸುಲಭವಾಯಿತು. ಆ ಊರಿನ ಹೆಸರಿನೊಂದಿಗೆ ಈ ಹಣ್ಣಿನ ಪರಿಮಳವೂ ಬೆರೆತುಹೋಗಿತ್ತು. ರಸಬಾಳೆಯ ತೋಟಗಳು ಈಗ ಬೆರಳೆಣಿಕೆಯ ಮಟ್ಟಕ್ಕೆ ಇಳಿದಿವೆ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಗಿಡಗಳು ಸಿಕ್ಕುವುದು ಕಷ್ಟ. ಕ್ಯಾವೆಂಡಿಷ್ ಕೂಡ ನಿಶ್ಚಿಂತೆಯಿಂದಿಲ್ಲ. ಅದನ್ನೂ ಬೀಳಿಸುವ ಹೊಸ ರೂಪದ ರೋಗ 2019ರಲ್ಲಿ ಕೊಲಂಬಿಯಾ ತಲುಪಿತು. ನಮ್ಮ ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲೂ ಕಾಣಿಸಿಕೊಂಡಿದೆ. ರೋಗದ ಬೀಜ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಕಂದುಗಳ ಜೊತೆ, ಹರಿಯುವ ನೀರಿನ ಜೊತೆ, ಗುದ್ದಲಿಗೂ ಕಾಲಿನ ಚಪ್ಪಲಿಗೂ ಮೆತ್ತಿಕೊಂಡ ಮಣ್ಣಿನ ಜೊತೆ.