ತಾಪಮಾನ ಏರಿಕೆ ಮತ್ತು ದೀರ್ಘಕಾಲೀನ ಕಾಯಿಲೆ: ತಾವರಗೇರಾ ಪ್ರದೇಶ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಮಳೆ ಕಡಿಮೆ ಬೀಳುವ ಬಯಲುಸೀಮೆಯ ಪಟ್ಟಣ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ದೇಹವು ಬೆವರು ಸುರಿಸಿ, ಚರ್ಮಕ್ಕೆ ಹೆಚ್ಚು ರಕ್ತ ಹರಿಸಿ ತಣ್ಣಗಾಗುತ್ತದೆ. ಇದರ ಹೊರೆ ಹೃದಯ ಮತ್ತು ಮೂತ್ರಪಿಂಡಗಳ ಮೇಲೆ ಬೀಳುವುದರಿಂದ ಬಿಸಿಲಿನ ಅಪಾಯ ಎಲ್ಲರಿಗೂ ಒಂದೇ ಅಲ್ಲ. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕಗಳು ನಿರ್ಜಲೀಕರಣವನ್ನು ಹೆಚ್ಚಿಸಬಲ್ಲವು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿ ಬೆವರುವಿಕೆಯನ್ನು ತಗ್ಗಿಸಬಹುದು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ, ಇನ್ನೂ ತೆರೆಯದ ಇನ್ಸುಲಿನ್ ದೀರ್ಘಕಾಲ ಕರೆಂಟ್ ಹೋದರೆ ಸತ್ವ ಕಳೆದುಕೊಳ್ಳಬಹುದು.

ಇಲ್ಲಿಯವರಿಗೆ ಬಿಸಿಲು ರೂಢಿ ಎಂಬ ವಾದವುಂಟು. ದೇಹ ಬಿಸಿಲಿಗೆ ಹೊಂದಿಕೊಳ್ಳುವುದು ನಿಜವೇ. ಆದರೆ ಆ ಹೊಂದಾಣಿಕೆ ನಿಂತಿರುವುದೇ ಹೃದಯ, ಮೂತ್ರಪಿಂಡ ಮತ್ತು ಬೆವರು ಗ್ರಂಥಿಗಳ ಮೇಲೆ. ಅವೇ ಸೊರಗಿದಾಗ ರೂಢಿ ಕಾಯದು. ಹೆಚ್ಚು ನೀರು ಕುಡಿದರೆ ಸಾಕೆಂಬುದೂ ಅರ್ಧಸತ್ಯ: ಹೃದಯ ವೈಫಲ್ಯ ಅಥವಾ ಮುಂದುವರಿದ ಮೂತ್ರಪಿಂಡ ಕಾಯಿಲೆಯಿರುವ ಹಲವರಿಗೆ ವೈದ್ಯರು ನೀರಿಗೆ ಮಿತಿ ಹಾಕಿರುತ್ತಾರೆ, ಮೇಲಾಗಿ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಲವೆಡೆ ಅಂತರ್ಜಲದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಆದ್ದರಿಂದ ಬೇಸಿಗೆಗೆ ಮುನ್ನವೇ ಪ್ರತಿ ರೋಗಿಯ ಔಷಧಿ ಮತ್ತು ನೀರಿನ ಪ್ರಮಾಣವನ್ನು ವೈದ್ಯರು ಮರುಪರಿಶೀಲಿಸುವುದು, ಶುದ್ಧ ಕುಡಿಯುವ ನೀರನ್ನು ಖಚಿತಪಡಿಸುವುದು ಸಾಮಾನ್ಯ ಎಚ್ಚರಿಕೆಗಳಿಗಿಂತ ಹೆಚ್ಚು ಉಪಯುಕ್ತ.